ಇಲಿಯ ಹಲ್ಲು ನೋಡಿ ಶಿಲಾಪದರದ ವಯಸ್ಸು ಹೇಳುವುದು ಹೇಗೆ?

ಇಲಿ ಜಾತಿಯ ಪ್ರಾಣಿಗಳ ಹಲ್ಲಿನ ರೂಪ ಬೇಗ ಬೇಗ ಬದಲಾಗುತ್ತಾ ಬಂದಿದೆ. ಹಾಗಾಗಿ ಪದರದಲ್ಲಿ ಯಾವ ರೂಪದ ಹಲ್ಲು ಸಿಕ್ಕಿತು ಎಂಬುದರಿಂದಲೇ ಅದರ ಕಾಲ ಗೊತ್ತಾಗುತ್ತದೆ. ವರ್ಷಕ್ಕೆ ಹಲವು ಸಲ ಮರಿ ಹಾಕುವ ಇವುಗಳಲ್ಲಿ ತಲೆಮಾರುಗಳು ಬೇಗ ಉರುಳುತ್ತವೆ, ವಿಕಾಸವೂ ಚುರುಕು.

ನನಗೆ ತುಂಬ ಇಷ್ಟವಾದ ಉದಾಹರಣೆ ಇಂಗ್ಲೆಂಡಿನದು. ಅಲ್ಲಿನ ನೀರಿಲಿಯ ಪೂರ್ವಜ ಮಿಮೋಮಿಸ್‌ನ ದವಡೆಹಲ್ಲಿಗೆ ಬೇರಿತ್ತು. ಅದರಿಂದ ಬಂದ ಆರ್ವಿಕೋಲಾಗೆ ಬೇರಿಲ್ಲ. ಹಲ್ಲು ಸವೆದಷ್ಟೂ ಬದುಕಿರುವವರೆಗೆ ಬೆಳೆಯುತ್ತದೆ. ಅಲ್ಲಿನ ವೆಸ್ಟ್ ರಂಟನ್ ಎಂಬ ಊರಿನ ಪದರದಲ್ಲಿ ಸಿಕ್ಕಿದ್ದು ಬೇರಿರುವ ಹಲ್ಲು, ಆದಿಮಾನವರ ಕೈಗೊಡಲಿಗಳು ಸಿಕ್ಕ ಬಾಕ್ಸ್‌ಗ್ರೋವ್‌ನಲ್ಲಿ ಬೇರಿಲ್ಲದ್ದು. ಅಂದರೆ ಬಾಕ್ಸ್‌ಗ್ರೋವ್‌ನ ಪದರ ವೆಸ್ಟ್ ರಂಟನ್‌ನದಕ್ಕಿಂತ ಈಚಿನದು, ಸುಮಾರು 5 ಲಕ್ಷ ವರ್ಷ ಹಳೆಯದು. ಅಕ್ಕಿಕಾಳಿನಷ್ಟು ಪುಟ್ಟ ಈ ಹಲ್ಲುಗಳನ್ನು ಮಣ್ಣು ತೊಳೆದು, ಜರಡಿ ಹಿಡಿದೇ ಹೆಕ್ಕಬೇಕು.