ಚಾಂಪಿಯನ್‌ಶಿಪ್‌ಗೆ ಮುಂಚೆ ದೋಣಿ, ಗಾಳಿ, ಗೆರೆ

ಪ್ರಶ್ನೆ: ನನ್ನ ಮಗಳಿಗೆ 15 ವರ್ಷ. ಕೆಆರ್‌ಎಸ್ ಹಿನ್ನೀರಿನಲ್ಲಿ ಐಎಲ್‌ಸಿಎ 4 (ಒಬ್ಬರೇ ಓಡಿಸುವ ಚಿಕ್ಕ ಹಾಯಿದೋಣಿ) ಓಡಿಸುತ್ತಾಳೆ. ಮಳೆಗಾಲದಲ್ಲಿ ಹೈದರಾಬಾದಿನ ಹುಸೇನ್ ಸಾಗರದಲ್ಲಿ ದೊಡ್ಡ ಚಾಂಪಿಯನ್‌ಶಿಪ್ ಇದೆ. ಹೊಸ ಹಾಯಿ ಕೊಡಿಸಿ, ತೂಕ ಏರಿಸಿ ಅಂತ ಕೆಲವರು ಹೇಳುತ್ತಾರೆ. ಸಮುದ್ರ ಇಲ್ಲದ ಊರಿನ ಮಕ್ಕಳು ಈ ಆಟದಲ್ಲಿ ಮೇಲೆ ಬರುವುದಿಲ್ಲ ಅಂತಲೂ ಹೇಳುತ್ತಾರೆ. ಏನು ಮಾಡಲಿ ಸರ್?
– ಒಬ್ಬ ತಾಯಿ, ಮೈಸೂರು

ಉತ್ತರ: ಕೊನೆಯ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ ಅಮ್ಮ. ನೇಹಾ ಠಾಕೂರ್ ಪಳಗಿದ್ದು ಭೋಪಾಲದ ಕೆರೆಯಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ, 17ನೇ ವಯಸ್ಸಿಗೆ, ಚೀನಾದಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಇದೇ ಐಎಲ್‌ಸಿಎ 4ರಲ್ಲಿ ಬೆಳ್ಳಿ ಗೆದ್ದರು. ಹೇಗೆ ಗೆದ್ದರು ಅನ್ನುವುದನ್ನು ಮಗಳಿಗೆ ಹೇಳಿ. ನಮ್ಮ ಆಟದಲ್ಲಿ ಮೊದಲು ಬಂದವರಿಗೆ 1 ಅಂಕ, ಎರಡನೆಯವರಿಗೆ 2. ಕಡಿಮೆ ಅಂಕ ಇದ್ದವರೇ ಮುಂದೆ. ಅಲ್ಲಿ ಒಟ್ಟು 11 ರೇಸ್ ನಡೆದವು. ನೇಹಾ ಅವರ ಅತಿ ಕೆಟ್ಟ ರೇಸ್‌ಗೆ ಬಂದದ್ದು ಬರೀ 5 ಅಂಕ. ಅದನ್ನು ಬಿಟ್ಟು ಉಳಿದದ್ದು 27. ಒಂದು ದಿನ ಮಿಂಚಿ ಮರುದಿನ ಮುಳುಗುವವರಿಗೆ ಇಲ್ಲಿ ಪದಕ ಸಿಗುವುದಿಲ್ಲ.

ತೂಕದ ಹಿಂದೆ ಬೀಳಬೇಡಿ. ಬೆಳೆಯುವ ಮಗುವಿಗೆ ಬಲವಂತವಾಗಿ ತಿನ್ನಿಸುವುದು ನನಗೆ ಸುತರಾಂ ಇಷ್ಟವಿಲ್ಲ. ಐಎಲ್‌ಸಿಎ 4ರ ಹಾಯಿ 4.7 ಚದರ ಮೀಟರ್, ಹಗುರ ಮಕ್ಕಳಿಗೆಂದೇ ಮಾಡಿದ್ದು. ಅವಳು ಬೆಳೆದರೆ ದೋಣಿ ಅದೇ ಇರುತ್ತದೆ. ಮಾಸ್ಟಿನ (ಹಾಯಿ ಕಟ್ಟುವ ಕಂಬ) ಕೆಳಗಿನ ತುಂಡು ಮತ್ತು ಹಾಯಿ ಬದಲಾಯಿಸಿದರೆ ಐಎಲ್‌ಸಿಎ 6 ಆಯಿತು. ಗಾಳಿಗೆ ದೋಣಿ ವಾಲದಂತೆ ಮೈಯನ್ನು ಹೊರಕ್ಕೆ ಚಾಚಿ ಹಿಡಿಯಬೇಕಲ್ಲ, ಅದಕ್ಕೆ ಈಗ ಬೇಕಾದದ್ದು ತೊಡೆಗೆ, ಹೊಟ್ಟೆಗೆ ಬಲ. ಭದ್ರವಾದ ಬೆಂಚಿನ ಅಂಚಿನಲ್ಲಿ ಕೂತು, ಪಾದ ಸಿಕ್ಕಿಸಿ, ಮೈ ಹಿಂದಕ್ಕೆ ಚಾಚಿ ಹಿಡಿಯುವುದನ್ನು ಮನೆಯಲ್ಲೇ ಮಾಡಲಿ. ಮಂಡಿ ನೋವು ಬಂದರೆ ಆ ದಿನ ಸಾಕು.

ಹಳೇ ಹಾಯಿ ಮೆತ್ತಗಾಗಿದ್ದರೆ ಹೊಸದು ಬೇಕೇ ಬೇಕು. ಆದರೆ ಅದನ್ನು ಸ್ಪರ್ಧೆಗೆ ಅಂತ ಸುಮ್ನೆ ಎತ್ತಿಡಬೇಡಿ. ಈಗಲೇ ಕಟ್ಟಿ ಓಡಿಸಲಿ, ಕೈಗೆ ಅಭ್ಯಾಸವಾಗಲಿ.

ಉಳಿದ ಸಮಯವೆಲ್ಲ ಸ್ಟಾರ್ಟ್‌ಗೆ ಹೋಗಲಿ. ಸ್ಟಾರ್ಟ್‌ಗೆ 5 ನಿಮಿಷ ಇರುವಾಗ ಮೊದಲ ಬಾವುಟ ಏರುತ್ತದೆ, 4 ಇರುವಾಗ ಎರಡನೆಯದು, 1 ನಿಮಿಷ ಇರುವಾಗ ಅದು ಇಳಿಯುತ್ತದೆ. ಆ ಕೊನೆಯ ನಿಮಿಷದಲ್ಲಿ ಎಲ್ಲ ದೋಣಿಗಳೂ ಸ್ಟಾರ್ಟ್ ಗೆರೆಯ ಹತ್ತಿರ ಒತ್ತಿಕೊಂಡು ನಿಲ್ಲುತ್ತವೆ. ಹಿನ್ನೀರಿನಲ್ಲಿ ಒಂದು ಬಾಯ್ (ನೀರಲ್ಲಿ ತೇಲುವ ಗುರುತು) ಬಿಟ್ಟು, ಅದರ ಪಕ್ಕದಲ್ಲೇ ಹಾಯಿ ಸಡಿಲಿಸಿ ಒಂದು ನಿಮಿಷ ನಿಲ್ಲಲು ಹೇಳಿ. ದೋಣಿ ಪಕ್ಕಕ್ಕೆ ಜಾರುತ್ತದೆ, ಮೂಗು ತಿರುಗುತ್ತದೆ. ನಿಲ್ಲುವುದು ಓಡಿಸುವುದಕ್ಕಿಂತ ಕಷ್ಟ ಅಂತ ಅವಳಿಗೇ ಗೊತ್ತಾಗುತ್ತದೆ.

ಗೆರೆ ಎಲ್ಲಿದೆ ಅಂತ ನೀರಿನ ಮೇಲೆ ಕಾಣುವುದಿಲ್ಲ ಅಲ್ವಾ? ಅದಕ್ಕೇ ಮಧ್ಯದಲ್ಲಿರುವ ಮಕ್ಕಳು ಹೆದರಿ ಒಂದೆರಡು ದೋಣಿಯುದ್ದ ಹಿಂದೆಯೇ ನಿಂತುಬಿಡುತ್ತಾರೆ. ಸ್ಟಾರ್ಟ್‌ಗೆ ಮುಂಚೆ ಅವಳು ಗೆರೆಯ ಒಂದು ತುದಿಯಲ್ಲಿರುವ ಕಮಿಟಿ ದೋಣಿಯ (ರೇಸ್ ನಡೆಸುವವರ ದೋಣಿ) ಆಚೆ ಬದಿಗೆ ಹೋಗಿ, ಅದರ ಕಂಬ ಮತ್ತು ಇನ್ನೊಂದು ತುದಿಯ ಬಾಯ್ ಒಂದೇ ಸಾಲಿಗೆ ಬಂದಾಗ, ಅವುಗಳ ಹಿಂದೆ ದಡದಲ್ಲಿ ಏನು ಕಾಣುತ್ತದೆ ನೋಡಿಕೊಳ್ಳಲಿ. ಹುಸೇನ್ ಸಾಗರದ ಸುತ್ತ ಕಟ್ಟಡಗಳಿಗೆ ಕೊರತೆಯಿಲ್ಲ, ನಡುವೆ ಬುದ್ಧನ ವಿಗ್ರಹವೂ ಇದೆ. ಆಮೇಲೆ ಗೆರೆಯ ಮಧ್ಯೆ ನಿಂತಾಗ ಬಾಯ್ ಅದೇ ಗುರುತಿನ ಮೇಲೆ ಕೂತಿದ್ದರೆ ಅವಳು ಸರಿಯಾಗಿ ಗೆರೆಯಲ್ಲಿದ್ದಾಳೆ. ಇಷ್ಟು ಗೊತ್ತಿದ್ದವಳು ಅಕ್ಕಪಕ್ಕದವರಿಗಿಂತ ಮುಂದೆ ನಿಂತೇ ಹೊರಡುತ್ತಾಳೆ.

ಆ ಕಟ್ಟಡಗಳೇ ಗಾಳಿಯನ್ನೂ ಒಡೆಯುತ್ತವೆ. ನೀರು ಕಪ್ಪಗೆ ಸುಕ್ಕುಗಟ್ಟಿದ ಕಡೆ ಜಾಸ್ತಿ ಗಾಳಿ ಇರುತ್ತದೆ. ರೇಸ್‌ಗೆ ಮುಂಚೆ ಆಗಾಗ ದೋಣಿಯ ಮೂಗನ್ನು ಗಾಳಿಗೆ ಹಿಡಿದು ದಿಕ್ಕು ನೋಡಿಕೊಳ್ಳಲಿ. ಗಾಳಿ ಎಷ್ಟು ಬಲಕ್ಕೆ, ಎಷ್ಟು ಎಡಕ್ಕೆ ತೂಗಾಡುತ್ತಿದೆ ಅಂತ ಅಂದಾಜು ಸಿಗುತ್ತದೆ.

ಹೊರಡುವ ಮುಂಚೆ ಟೋ ಸ್ಟ್ರ್ಯಾಪಿನ (ಹೊರಕ್ಕೆ ಬಾಗುವಾಗ ಪಾದ ಸಿಕ್ಕಿಸುವ ಪಟ್ಟಿ) ಹಗ್ಗವನ್ನು ಬೆರಳಾಡಿಸಿ ನೋಡಿ. ಸವೆದಿದ್ದರೆ ಇಂದೇ ಬದಲಾಯಿಸಿ, ಅದು ಕಿತ್ತರೆ ಮಗು ಬೆನ್ನ ಮೇಲೆ ನೀರಿಗೆ ಬೀಳುತ್ತದೆ. ಚುಕ್ಕಾಣಿಯ ಕ್ಲಿಪ್ ಗಟ್ಟಿ ಇದೆಯಾ ಅಂತಲೂ ನೋಡಿ. ಎರಡು ರೇಸ್ ನಡುವೆ ತಿನ್ನಲು ಬಾಳೆಹಣ್ಣು, ಕಡಲೆ ಚಿಕ್ಕಿ, ಸಾಕಷ್ಟು ನೀರು ಕೊಟ್ಟು ಕಳಿಸಿ.

ಪ್ರಶ್ನೆ: ನಾನು ಆಪ್ಟಿಮಿಸ್ಟ್ (ಮಕ್ಕಳ ಪುಟ್ಟ ಹಾಯಿದೋಣಿ) ಓಡಿಸುತ್ತೇನೆ. ನನ್ನದು ಸ್ಟಾರ್‌ಬೋರ್ಡ್ ಟ್ಯಾಕ್, ಅಂದರೆ ಗಾಳಿ ನನ್ನ ದೋಣಿಯ ಬಲಬದಿಯಿಂದ ಬರುತ್ತಿತ್ತು. ಆದರೂ ಎದುರಿನಿಂದ ಬಂದ ದೊಡ್ಡ ಹುಡುಗ ದಾರಿ ಬಿಡಲಿಲ್ಲ, ನಾನೇ ತಿರುಗಿಸಿಕೊಂಡೆ. ಮುಂದಿನ ಸಲ ಏನು ಮಾಡಲಿ ಅಂಕಲ್?
– 12 ವರ್ಷದ ಓದುಗ, ಬೆಂಗಳೂರು

ಉತ್ತರ: ತಿರುಗಿಸಿ ಡಿಕ್ಕಿ ತಪ್ಪಿಸಿದ್ದು ಸರಿ ಪುಟ್ಟಾ. ಅವನು ಪೋರ್ಟ್ ಟ್ಯಾಕಿನಲ್ಲಿದ್ದರೆ, ಅಂದರೆ ಗಾಳಿ ಅವನ ಎಡಬದಿಯಿಂದ ಬರುತ್ತಿದ್ದರೆ, ದಾರಿ ಬಿಡಬೇಕಾದವನು ಅವನೇ. ತಕ್ಷಣ, ಅವನಿಗೆ ಕೇಳುವ ಹಾಗೆ, ‘ಪ್ರೊಟೆಸ್ಟ್’ ಅಂತ ಕೂಗು. 6 ಮೀಟರಿಗಿಂತ ಚಿಕ್ಕ ದೋಣಿಯವರು ಪ್ರೊಟೆಸ್ಟ್‌ಗೆ ಕೆಂಪು ಬಾವುಟ ತೋರಿಸಬೇಕಿಲ್ಲ. ಅವನು ದೋಣಿಯನ್ನು ಎರಡು ಸುತ್ತು ತಿರುಗಿಸಿ ದಂಡ ತೀರಿಸಿದರೆ ಅಲ್ಲಿಗೆ ಮುಗಿಯಿತು. ತಿರುಗಿಸದಿದ್ದರೆ ಅವನ ಸೇಲ್ ನಂಬರ್ (ಹಾಯಿಯ ಮೇಲಿನ ಸಂಖ್ಯೆ), ನೋಡಿದ ಇನ್ನೊಬ್ಬರ ನಂಬರ್ ನೆನಪಿಟ್ಟುಕೊಂಡು, ದಡಕ್ಕೆ ಬಂದ ಮೇಲೆ ಗಡುವಿನೊಳಗೆ ಪ್ರೊಟೆಸ್ಟ್ ಫಾರಂ ಬರೆದು ಕೊಡು. ದೊಡ್ಡವನು ಅಂತ ಹಿಂಜರಿಯಬೇಡ.