ಅರ್ಥ್‌ಸೀ ಸರಣಿಯ ನಾಲ್ಕನೆಯ ಕಾದಂಬರಿ ‘ತೆಹಾನು’ ಓದಬೇಕಾ, ಮೂರಕ್ಕೇ ನಿಲ್ಲಿಸಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಅರ್ಸುಲಾ ಲೆ ಗ್ವಿನ್ ಬರೆದ, ಅರ್ಥ್‌ಸೀ ಅನ್ನುವ ಮಾಂತ್ರಿಕರ ಲೋಕದ ಕಾದಂಬರಿಗಳಲ್ಲಿ ಮೊದಲ ಮೂರು ಪುಸ್ತಕ ಹದಿನೈದು ದಿನದಲ್ಲಿ ಮುಗಿಸಿದ್ದೀರಿ, ಮೂರೂ ಹಿಡಿಸಿವೆ. ನಾಲ್ಕನೆಯದನ್ನು ತೆಗೆಯುವ ಮುಂಚೆ ಓದಿದವರು ಏನಂತಾರೆ ನೋಡೋಣ ಅಂತ ಹೋಗಿ ತಲೆ ಕೆಡಿಸಿಕೊಂಡಿದ್ದೀರಿ. ಒಬ್ಬರು ಸರಣಿಯಲ್ಲೇ ಇದಕ್ಕೆ ಸಮ ಇಲ್ಲ ಅಂತಾರೆ, ಇನ್ನೊಬ್ಬರು ಕಥಾನಾಯಕ ಗೆಡ್‌ನನ್ನು ಹಾಳು ಮಾಡಿದ ಪುಸ್ತಕ ಅಂತಾರೆ. ಮಧ್ಯದ ಮಾತು ಆಡುವವರೇ ಸಿಗುತ್ತಿಲ್ಲ. ಓದಲೋ ಬೇಡವೋ?

ಓದಿ. ಆದರೆ ನೀವು ಈಗ ಇರುವ ಜಾಗದಿಂದ, ಅಂದರೆ ಮೂರನೆಯದು ಮುಗಿಸಿದ ಬಿಸಿಯಲ್ಲೇ, ಓದಬೇಡಿ. ಯಾಕೆ ಅಂತ ಹೇಳೋಕೆ ನನ್ನದೇ ಒಂದು ಎಡವಟ್ಟು ಹೇಳಬೇಕು.

ನನಗೆ ಈ ಪುಸ್ತಕಗಳನ್ನು ಕೊಟ್ಟವರು ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರು. ನಾಲ್ಕು ಪುಸ್ತಕ ಅಂತ ಕೊಟ್ಟ ಚೀಲದಲ್ಲಿ ಇದ್ದದ್ದು ಮೂರೇ. ಮೂರನೆಯದು, ‘ದ ಫಾರ್ದೆಸ್ಟ್ ಶೋರ್’, ಬೇರೆ ಯಾರದೋ ಮನೆಯಲ್ಲಿ ಉಳಿದುಬಿಟ್ಟಿತ್ತು. ನನಗೆ ಅದು ಗೊತ್ತೂ ಆಗಲಿಲ್ಲ. ಎರಡನೆಯದಾದ ‘ದ ಟೂಂಬ್ಸ್ ಆಫ್ ಅಟುವಾನ್’ ಮುಗಿಸಿ ನೇರವಾಗಿ ‘ತೆಹಾನು’ ಹಿಡಿದೆ. ಮುಗಿಸಿ ವಾಪಸ್ ಕೊಡುವಾಗ, ಇದೇ ಎಲ್ಲಕ್ಕಿಂತ ಚೆನ್ನಾಗಿದೆ ಅಂದೆ. ಅವರು ನನ್ನ ಮುಖವನ್ನೇ ನೋಡಿದರು. ಅವರ ಪ್ರಕಾರ ಅದು ಚೀಲದಲ್ಲಿ ಇರಲೇಬಾರದಿದ್ದ ಪುಸ್ತಕ. ಅವತ್ತು ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಅದರಿಂದ ನನಗೆ ಗೊತ್ತಾದದ್ದು ಒಂದೇ: ಈ ಪುಸ್ತಕದ ಬಗ್ಗೆ ಜನ ಕಚ್ಚಾಡುವುದು ಅದು ಚೆನ್ನಾಗಿದೆಯೋ ಇಲ್ಲವೋ ಅಂತಲ್ಲ. ಅರ್ಥ್‌ಸೀ ಯಾರ ಕಥೆ ಅಂತ.

ಗೆಡ್‌ನ ಕಥೆ ಅಂದುಕೊಂಡು ಬಂದವರಿಗೆ ‘ತೆಹಾನು’ ಮೋಸ ಅನ್ನಿಸುತ್ತದೆ, ಅದು ಅವರ ತಪ್ಪಲ್ಲ. 1968ರಲ್ಲಿ ಮೊದಲ ಪುಸ್ತಕ ಬಂದಾಗಿನಿಂದ ಅವನ ಬೆನ್ನು ಹತ್ತಿದವರು ಅವರು. ಗಾಂಟ್ ದ್ವೀಪದಲ್ಲಿ ಆಡು ಕಾಯುವ ಹುಡುಗ, ರೋಕ್‌ನ ಮಾಂತ್ರಿಕರ ಶಾಲೆ, ಸೊಕ್ಕಿನಲ್ಲಿ ಮಂತ್ರ ಹಾಕಿ ತಾನೇ ಜಗತ್ತಿಗೆ ಬಿಟ್ಟ ನೆರಳು, ಆ ನೆರಳಿನ ಹಿಂದೆ ಪುಟ್ಟ ದೋಣಿಯಲ್ಲಿ ಜಗತ್ತಿನ ಅಂಚಿನವರೆಗೆ ಹೋಗುವ ಪಯಣ. 1972ರ ಮೂರನೆಯ ಪುಸ್ತಕಕ್ಕೆ ಬರುವಷ್ಟರಲ್ಲಿ ಅವನು ಆರ್ಚ್‌ಮೇಜ್, ಎಲ್ಲ ಮಾಂತ್ರಿಕರಿಗೂ ಹಿರಿಯ. ಸತ್ತವರ ಒಣನಾಡಿಗೆ ಹೋಗಿ, ಅಲ್ಲಿ ಬಿರಿದಿದ್ದ ಬಾಗಿಲನ್ನು ಮುಚ್ಚುವುದಕ್ಕೆ ತನ್ನ ಶಕ್ತಿಯನ್ನೆಲ್ಲ ಸುರಿದು, ಕೊನೆಗೆ ಡ್ರ್ಯಾಗನ್ ಬೆನ್ನೇರಿ ಮನೆ ಕಡೆ ಹಾರಿಹೋಗುತ್ತಾನೆ. ಇದಕ್ಕಿಂತ ದೊಡ್ಡ ಮುಕ್ತಾಯ ಬೇಕಾ? ಆ ಪುಸ್ತಕಕ್ಕೆ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಕೂಡ ಬಂತು. ಅಲ್ಲಿಗೆ ಕಥೆ ಮುಗಿಯಿತು ಅಂತ ಓದುಗರು 18 ವರ್ಷ ಸುಮ್ಮನಿದ್ದರು.

1990ರಲ್ಲಿ ‘ತೆಹಾನು’ ಬಂತು. ಡ್ರ್ಯಾಗನ್ ಇಳಿಸಿಹೋದ ಗೆಡ್ ಅರೆಜೀವ. ಮಂತ್ರ ಹೋಗಿದೆ, ಮತ್ತೆ ಬರುವುದೂ ಇಲ್ಲ.

ನೀವು ಮೂರನೆಯದನ್ನು ಈಗಷ್ಟೇ ಮುಗಿಸಿದ್ದರಿಂದ ಒಂದು ವಿಷಯ ನೆನಪಿರುತ್ತದೆ. ಆಮೇಲೆ ಗೆಡ್ ಏನಾದ ಅನ್ನುವುದಕ್ಕೆ ಆ ಪುಸ್ತಕದ ಕೊನೆಯಲ್ಲಿ ಎರಡು ಮಾತಿವೆ. ಅವನ ಮೇಲೆ ಕಟ್ಟಿದ ಹಾಡು ಹೇಳುವ ಪ್ರಕಾರ ಅವನು ಹರೆಯದ ಹೊಸ ರಾಜನ ಪಟ್ಟಾಭಿಷೇಕಕ್ಕೆ ಬಂದು, ಆಮೇಲೆ ದೋಣಿ ಹತ್ತಿ ಒಬ್ಬನೇ ಹೋಗಿಬಿಟ್ಟ. ಗಾಂಟ್‌ನ ಜನ ಹೇಳುವುದು ಬೇರೆ: ಹೊಸ ರಾಜನೇ ಹುಡುಕಿಕೊಂಡು ಬಂದ, ಅಷ್ಟರಲ್ಲಿ ಗೆಡ್ ಬೆಟ್ಟದ ಕಾಡು ಹೊಕ್ಕಿದ್ದ. ಓದುವಾಗ ಎರಡೂ ಋಷಿಯ ಕಥೆಯ ಹಾಗೆ ಕೇಳುತ್ತವೆ. ‘ತೆಹಾನು’ ಆ ಎರಡನೆಯ ಮಾತನ್ನೇ ಎತ್ತಿಕೊಂಡು ಒಳಗಿನಿಂದ ತೋರಿಸುತ್ತದೆ. ರಾಜನ ಕಡೆಯವರು ಹುಡುಕಿಕೊಂಡು ಬಂದಿದ್ದಾರೆ ಅಂತ ಕೇಳಿದ್ದೇ ತಡ, ಗೆಡ್ ಹೆದರುತ್ತಾನೆ. ಅವಿತುಕೊಳ್ಳುತ್ತಾನೆ. ಬರಿಗೈಯಲ್ಲಿ ಆ ಹುಡುಗನ ಮುಂದೆ ನಿಲ್ಲಲಾರೆ ಅಂತ ಬೆಟ್ಟಕ್ಕೆ ಓಡಿಹೋಗಿ ಒಂದು ಬೇಸಿಗೆ ಪೂರ್ತಿ ಆಡು ಕಾಯುತ್ತಾನೆ. ಏಕಾಂತ, ತಪಸ್ಸು ಯಾವುದೂ ಅಲ್ಲ, ಬರೀ ನಾಚಿಕೆ. ನನ್ನ ಸಹೋದ್ಯೋಗಿ ಮೊದಲ ಸಲ ಪುಸ್ತಕ ಮುಚ್ಚಿಟ್ಟದ್ದು ಇಲ್ಲೇ. ‘ಆರ್ಚ್‌ಮೇಜ್ ಹೀಗೆ ಮೂಲೆ ಸೇರೋದನ್ನ ನೋಡೋಕೆ ನಾನು ದುಡ್ಡು ಕೊಟ್ಟಿಲ್ಲ’ ಅಂದರು. ನನಗೆ ಪುಸ್ತಕ ಹಿಡಿದುಕೊಂಡದ್ದೂ ಸರಿಯಾಗಿ ಅದೇ ಪುಟಗಳಲ್ಲಿ. ಆಡು ಕಾಯುವುದರಿಂದ ಶುರುವಾದವನು ಆಡು ಕಾಯುವುದಕ್ಕೇ ವಾಪಸ್ ಬರುತ್ತಾನೆ, ಆದರೆ ಈ ಸಲ ಮಂತ್ರ ಕಲಿಯುವ ಆಸೆಯೂ ಜೊತೆಗಿಲ್ಲ.

ನಾನು ಮೂರನೆಯದನ್ನು ಓದಿರಲಿಲ್ಲವಲ್ಲ, ನನ್ನ ಕಣ್ಣು ಗೆಡ್ ಮೇಲೆ ಇರಲೇ ಇಲ್ಲ. ನಾನು ಕಾಯುತ್ತಿದ್ದದ್ದು ಎರಡನೆಯ ಪುಸ್ತಕದ ನಾಯಕಿ ಟೆನಾರ್‌ಗೆ.

ಎರಡನೆಯ ಪುಸ್ತಕ ಎಲ್ಲಿ ನಿಂತಿತು ನೆನಪಿಸಿಕೊಳ್ಳಿ. ಆರನೇ ವಯಸ್ಸಿಗೆ ಹೆಸರನ್ನೂ ಕಿತ್ತುಕೊಂಡು ಸಮಾಧಿಗಳ ಅರ್ಚಕಿ ಮಾಡಿದ ಹುಡುಗಿ, ಕತ್ತಲೆಯ ಸುರಂಗಗಳಿಂದ ಹೊರಬಂದು, ಗೆಡ್‌ನ ಕೈ ಹಿಡಿದು ಹ್ಯಾವ್ನರ್ ನಗರದ ಬೀದಿಯಲ್ಲಿ ನಡೆದುಹೋಗುತ್ತಾಳೆ. ಆಮೇಲೆ? ತನ್ನ ಗುರು ಓಗಿಯನ್ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂತ ಗೆಡ್ ಮಾತು ಕೊಟ್ಟಿದ್ದಾನೆ, ಅಷ್ಟೇ. ಮೂರನೆಯ ಪುಸ್ತಕದಲ್ಲಿ ಅವಳ ಪ್ರಸ್ತಾಪ ಬಂದರೆ ಹೋದರೆ ಅನ್ನುವ ಹಾಗಿದೆ. ಆ ಪ್ರಶ್ನೆಗೆ ಉತ್ತರ ಬಂದದ್ದು 1990ರಲ್ಲಿ. ಅವಳು ಓಗಿಯನ್ ಹತ್ತಿರ ಕಲಿತಳು, ಆಮೇಲೆ ಆ ವಿದ್ಯೆ ತನ್ನದಲ್ಲ ಅಂತ ಬಿಟ್ಟು ಒಬ್ಬ ರೈತನನ್ನು ಮದುವೆಯಾದಳು. ಎರಡು ಮಕ್ಕಳು, ಹೊಲ, ಕುರಿ. ಈಗ ಗಂಡ ಸತ್ತಿದ್ದಾನೆ. ಊರಿನವರು ಅವಳನ್ನು ಕರೆಯುವುದು ಗೋಹಾ ಅಂತ. ಆ ದ್ವೀಪದಲ್ಲಿ ಬಲೆ ನೇಯುವ ಒಂದು ಪುಟ್ಟ ಬಿಳಿ ಜೇಡಕ್ಕೆ ಆ ಹೆಸರು. ಕಪ್ಪು-ಕಂದು ಮೈಬಣ್ಣದವರ ನಡುವೆ ಅವಳೊಬ್ಬಳೇ ಬಿಳಿಯಳು, ನೂಲು ತೆಗೆಯುವವಳು ಬೇರೆ. ಪೂರ್ತಿ ಬದುಕನ್ನು ಆ ಒಂದು ಅಡ್ಡಹೆಸರಲ್ಲಿ ಹೇಳಿಬಿಡುತ್ತಾರೆ.

ಆ ಮನೆಗೆ ಒಂದು ಮಗು ಬರುತ್ತದೆ. ಹೊಳೆದಂಡೆಯಲ್ಲಿ ಬಿಡಾರ ಹೂಡಿದ್ದ ತನ್ನವರೇ ಹೊಡೆದು, ಕೆಡಿಸಿ, ಬೆಂಕಿಗೆ ನೂಕಿ ಬಿಟ್ಟುಹೋದ ಮಗು. ಮುಖದ ಒಂದು ಕಡೆ ಸುಟ್ಟಿದೆ, ಒಂದು ಕಣ್ಣಿಲ್ಲ, ಒಂದು ಕೈ ಮುದುಡಿ ಹಕ್ಕಿಯ ಪಂಜದ ಹಾಗಾಗಿದೆ. ಟೆನಾರ್ ಅದಕ್ಕೆ ಥೆರ್ರು ಅಂತ ಹೆಸರಿಡುತ್ತಾಳೆ, ಅವಳ ಹುಟ್ಟುಭಾಷೆಯಲ್ಲಿ ಉರಿಯುವುದು ಅಂತ ಅರ್ಥ. ಇದು ಗಟ್ಟಿ ಮನಸ್ಸಿನವರನ್ನೂ ಅಲ್ಲಾಡಿಸುವ ಭಾಗ. ಹಾಗಾಗಿ ಒಂದು ಮಾತು: ಮೊದಲ ಪುಸ್ತಕಗಳು ಮಕ್ಕಳ ಕಪಾಟಿನಲ್ಲಿ ಇರುತ್ತವೆ ಅಂತ ಇದನ್ನೂ ಹತ್ತು ಹನ್ನೆರಡು ವರ್ಷದವರ ಕೈಗೆ ಕೊಡಬೇಡಿ. ಮೊದಲು ನೀವು ಓದಿ ನೋಡಿ.

‘ಇಲ್ಲಿ ಏನೂ ನಡೆಯಲ್ಲ, ಬರೀ ಪಾತ್ರೆ ತೊಳೆಯೋದು, ಆಡು ಮೇಯಿಸೋದು’ ಅನ್ನುವ ದೂರು ನೀವೂ ಓದಿರುತ್ತೀರಿ. ಪಾತ್ರೆಯ ವಿಷಯ ನಿಜವೇ. ಸಮುದ್ರದಿಂದ ಮನೆಗೆ ಬಂದ ಟೆನಾರ್‌ಳ ಮಗನಿಗೆ ಆ ಕೆಲಸ ಹೆಂಗಸರದು. ಒಂದು ಕಾಲಕ್ಕೆ ಬಿರುಗಾಳಿಯನ್ನೇ ನಿಲ್ಲಿಸುತ್ತಿದ್ದ ಗೆಡ್ ಅದೇ ಅಡುಗೆಮನೆಯಲ್ಲಿ ಕೈಗೆ ಬಂದ ಕೆಲಸ ಮಾಡಿಕೊಂಡಿದ್ದಾನೆ. ನನಗೆ ಅದು ಸಾಹಸವೇ ಅನ್ನಿಸಿತು. ಒಪ್ಪದಿದ್ದರೂ ಬೇಜಾರಿಲ್ಲ. ಆದರೆ ಏನೂ ನಡೆಯಲ್ಲ ಅನ್ನುವುದು ಸುಳ್ಳು. ರಾತ್ರಿ ತೋಟದ ಮನೆಗೆ, ಆ ಮಗುವನ್ನು ಬಿಟ್ಟುಹೋದ ಗುಂಪಿನ ಗಂಡಸರು ನುಗ್ಗುವ ಪ್ರಸಂಗ ಓದುವಾಗ ನಾನು ಎದ್ದು ನಮ್ಮ ಬಾಗಿಲ ಚಿಲಕ ನೋಡಿ ಬಂದೆ. ಅಲ್ಲಿ ಗೆಡ್ ಕೈಯಲ್ಲಿರುವುದು ಮಂತ್ರದಂಡ ಅಲ್ಲ, ಹುಲ್ಲು ಎತ್ತುವ ಕವೆಗೋಲು.

ಇನ್ನೊಂದು ದೂರು ಸ್ವಲ್ಪ ತೂಕದ್ದು. ಲೇಖಕಿ 18 ವರ್ಷದಲ್ಲಿ ಬದಲಾದರು, ಆ ಹೊಸ ಸ್ತ್ರೀವಾದವನ್ನು ಹಳೆಯ ಜಗತ್ತಿನ ಮೇಲೆ ಹೇರಿದರು ಅನ್ನುವುದು. ಅವರು ಬದಲಾದದ್ದು ನಿಜ, ಅದನ್ನು ಅವರು ಮುಚ್ಚಿಡಲೂ ಇಲ್ಲ. 1992ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕೊಟ್ಟ ಉಪನ್ಯಾಸದಲ್ಲಿ, ಗಂಡಸರ ವೀರಗಾಥೆಯ ಪರಂಪರೆಯೊಳಗೇ ಕೂತು ಮೊದಲ ಪುಸ್ತಕಗಳನ್ನು ಬರೆದದ್ದರ ಬಗ್ಗೆ ತಾವೇ ವಿಚಾರಿಸಿಕೊಂಡಿದ್ದಾರೆ. ಆದರೆ ಹೇರಿದರು ಅನ್ನುವುದು ನನಗೆ ಒಪ್ಪಿಗೆಯಿಲ್ಲ. ನಿಮ್ಮ ಹತ್ತಿರ ಮೊದಲ ಪುಸ್ತಕ ಇದೆಯಲ್ಲ, ಮೊದಲ ಅಧ್ಯಾಯ ತೆಗೆದು ನೋಡಿ. ಹೆಂಗಸರ ಮಂತ್ರ ಅಂದರೆ ದುರ್ಬಲ, ಹೆಂಗಸರ ಮಂತ್ರ ಅಂದರೆ ಕೆಟ್ಟದ್ದು, ಹೀಗೆ ಗಾಂಟ್‌ನಲ್ಲಿ ಎರಡು ಗಾದೆ ಇವೆ ಅಂತ ಅಲ್ಲೇ ಬರುತ್ತದೆ. ಗೆಡ್‌ಗೆ ಮೊದಲ ಮಂತ್ರ ಹೇಳಿಕೊಟ್ಟವಳು ಹಳ್ಳಿಯ ಮಾಟಗಾತಿ, ಅವನ ಚಿಕ್ಕಮ್ಮ. ರೋಕ್‌ನ ಶಾಲೆಯಲ್ಲಿ ಹುಡುಗಿಯರೇ ಇಲ್ಲ. ಮೂರು ಪುಸ್ತಕದ ಉದ್ದಕ್ಕೂ ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ನಾಲ್ಕನೆಯದು, ಅದೇ ಮನೆಯ ಹಿತ್ತಿಲಿಗೆ ಹೋಗಿ ನಿಂತು ಕೇಳುತ್ತದೆ.

ಹಾಗಂತ ಎಲ್ಲದಕ್ಕೂ ವಕಾಲತ್ತು ಹಾಕಲ್ಲ. ಕೆಲವು ಸಂಭಾಷಣೆಗಳಲ್ಲಿ ಟೆನಾರ್ ಮಾತಾಡುತ್ತಿಲ್ಲ, ಲೇಖಕಿ ಮಾತಾಡುತ್ತಿದ್ದಾರೆ ಅನ್ನಿಸುತ್ತದೆ. ಗಂಡಸರ ಶಕ್ತಿ, ಹೆಂಗಸರ ಶಕ್ತಿ ಅಂತ ಮಾತು ಸುತ್ತಿದಲ್ಲೇ ಸುತ್ತುತ್ತದೆ. ಆಸ್ಪೆನ್ ಅನ್ನುವ ಮಾಂತ್ರಿಕ ಇದ್ದಾನೆ, ಖಳ ಅನ್ನುವುದಕ್ಕೆ ಬಹಳ ತೆಳು: ಅವನಿಗೆ ಹೆಂಗಸರೆಂದರೆ ದ್ವೇಷ, ಅದರಾಚೆ ಅವನಲ್ಲಿ ಏನೂ ಸಿಗಲ್ಲ. ಮೊದಲ ಪುಸ್ತಕದ ನೆರಳನ್ನು ಸೃಷ್ಟಿಸಿದ ಕೈಯೇ ಇವನನ್ನೂ ಬರೆದದ್ದಾ ಅಂತ ಅನುಮಾನ ಬರುತ್ತದೆ. ಕೊನೆಯ ಅಧ್ಯಾಯವಂತೂ ಓಟ. ಇನ್ನೂರು ಪುಟ ಹುತ್ತ ಬೆಳೆದ ಹಾಗೆ ಬೆಳೆದ ಕಥೆ, ಕೊನೆಯ ಕೆಲವು ಪುಟಗಳಲ್ಲಿ ಧಡಕ್ಕನೆ ಬಗೆಹರಿಯುತ್ತದೆ. ಏನಾಗುತ್ತದೆ ಅಂತ ಹೇಳಲ್ಲ. ಬಗೆಹರಿಯುವ ರೀತಿಗೆ ಮೊದಲಿನಿಂದಲೂ ಸುಳಿವು ಇದೆ, ಎರಡನೆಯ ಸಲ ಓದಿದರೆ ಎಲ್ಲ ಸಿಗುತ್ತವೆ. ಮೊದಲ ಓದಿಗೆ ಮಾತ್ರ ಯಾರೋ ಮೇಲಿಂದ ಹಗ್ಗ ಇಳಿಬಿಟ್ಟ ಹಾಗೇ ಕಾಣುತ್ತದೆ. ಈ ಒಂದು ವಿಷಯದಲ್ಲಿ ನಾನೂ ನನ್ನ ಸಹೋದ್ಯೋಗಿಯೂ ಒಂದೇ ಪಕ್ಷ. ಪುಸ್ತಕಕ್ಕೆ, ಸೈನ್ಸ್ ಫಿಕ್ಷನ್ ಮತ್ತು ಫ್ಯಾಂಟಸಿ ಬರಹಕ್ಕೆ ಕೊಡುವ ನೆಬ್ಯುಲಾ ಪ್ರಶಸ್ತಿ ಬಂದಿದೆ ಅಂತ ನೆನಪಿಸಿದರೆ, ಕೊಟ್ಟವರು ಕೊನೆಯ ಅಧ್ಯಾಯ ಓದಿರಲಿಕ್ಕಿಲ್ಲ ಅಂತಾರೆ.

ಹಾಗಾಗಿ ನಿಮಗೆ ನಾನು ಹೇಳುವ ಕ್ರಮ ಇದು. ಮೂರನೆಯದರ ಗುಂಗು ಇಳಿಯಲಿ, ಒಂದು ತಿಂಗಳಾದರೂ ಬಿಡಿ. ಆಮೇಲೆ ‘ಟೂಂಬ್ಸ್’ನ ಕೊನೆಯ ಎರಡು ಅಧ್ಯಾಯ ಮತ್ತೊಮ್ಮೆ ಓದಿ. ಮರುದಿನ ‘ತೆಹಾನು’ ಶುರು ಮಾಡಿ. ಗೆಡ್ ಎಲ್ಲಿ ಅಂತ ಹುಡುಕಬೇಡಿ, ಬರುವ ಹೊತ್ತಿಗೆ ಬರುತ್ತಾನೆ. ಓಗಿಯನ್ ಸಾಯುವ ಭಾಗ ದಾಟಿದ ಮೇಲೂ ಟೆನಾರ್ ನಿಮ್ಮನ್ನು ಹಿಡಿದುಕೊಳ್ಳದಿದ್ದರೆ ನಿಲ್ಲಿಸಿಬಿಡಿ, ಮುಂದೆಯೂ ಇದೇ ನಡಿಗೆ.

ಮುಖಪುಟದಲ್ಲಿ ‘ಅರ್ಥ್‌ಸೀಯ ಕೊನೆಯ ಪುಸ್ತಕ’ ಅಂತ ಇದ್ದರೆ ನಂಬಬೇಡಿ. ಆ ಮಾತು ಲೇಖಕಿಯೇ ಉಳಿಸಿಕೊಳ್ಳಲಿಲ್ಲ. 2001ರಲ್ಲಿ ಇನ್ನೆರಡು ಬಂದವು, ‘ಟೇಲ್ಸ್ ಫ್ರಮ್ ಅರ್ಥ್‌ಸೀ’ ಅನ್ನುವ ಕಥಾಸಂಕಲನ ಮತ್ತು ‘ದಿ ಅದರ್ ವಿಂಡ್’ ಕಾದಂಬರಿ. ಸಂಕಲನ ಬೇಡ ಅಂತ ಹಾರಿಸುವವರೂ ಇದ್ದಾರೆ. ಪೂರ್ತಿ ಓದದಿದ್ದರೂ ‘ಡ್ರ್ಯಾಗನ್‌ಫ್ಲೈ’ ಕಥೆ ಬಿಡಬೇಡಿ, ಅದು ‘ತೆಹಾನು’ವಿಗೂ ಆ ಕಾದಂಬರಿಗೂ ನಡುವಿನ ಸೇತುವೆ. ಅದೇ ಸಂಕಲನದ ಹೆಸರಿನಲ್ಲಿ 2006ರಲ್ಲಿ ಜಪಾನಿನ ಆನಿಮೇಷನ್ ಸಿನಿಮಾ ಒಂದು ಬಂದಿದೆ. ಥೆರ್ರು ಅದರಲ್ಲಿದ್ದಾಳೆ, ಆದರೆ ಕಥೆ ಕಲಸುಮೇಲೋಗರ. ಪುಸ್ತಕ ಓದುವ ಮುಂಚೆ ಅದರ ತಂಟೆಗೆ ಹೋಗಬೇಡಿ.

ಓದಿ ಮುಗಿಸಿದ ಮೇಲೆ ಇಲ್ಲೇ ಒಂದು ಸಾಲು ಬರೆಯಿರಿ. ಆಡು ಕಾಯುವ ಪುಟಗಳಲ್ಲಿ ಪುಸ್ತಕ ಮುಚ್ಚಿದಿರಾ, ಮುಂದೆ ಹೋದಿರಾ ಅಂತ ಹೇಳಿದರೆ ಸಾಕು. ನನ್ನ ಸಹೋದ್ಯೋಗಿಗೆ ತೋರಿಸಬೇಕು.