ಪ್ರಶ್ನೋತ್ತರ: ಆಟಿಯ ಮಳೆಯಲ್ಲಿ ಮರದ ಲೋಡು

ಕಾಸರಗೋಡಿನ ಒಳನಾಡಿನಲ್ಲಿ ರಬ್ಬರ್ ಮರ ಸಾಗಿಸುವ ಚಾಲಕರು, ವ್ಯಾಪಾರಿಗಳು ಈ ಸಲ ಬರೆದ ಪ್ರಶ್ನೆಗಳಲ್ಲಿ ಹೆಚ್ಚಿನವು ಮಳೆಗಾಲದವೇ. ಆಯ್ದವಕ್ಕೆ ಇಲ್ಲಿ ಉತ್ತರವಿದೆ.

ಗುಡ್ಡೆಯಿಂದ ಲೋಡು ಹೇರಿ ಇಳಿಯುವಾಗ ಹಿಂದಿನ ಚಕ್ರ ಹೂತುಹೋಗುತ್ತದೆ. ಮುರಕಲ್ಲಿನ (ಕೆಂಪುಕಲ್ಲಿನ) ಚೂರು ಎಷ್ಟು ಸುರಿದರೂ ಮರುದಿನ ಮತ್ತೆ ಅದೇ ಪಾಡು. ವಾರದಲ್ಲಿ ಒಂದು ದಿನದ ದುಡಿಮೆ ಜೆಸಿಬಿಗೇ ಹೋಗುತ್ತದೆ. ಏನು ಮಾಡಬಹುದು?
— ಚಾಲಕರೊಬ್ಬರು, ಮುಳ್ಳೇರಿಯ

ತಪ್ಪು ಆ ಮುರಕಲ್ಲಿನಲ್ಲೇ ಇದೆ. ಬೇಸಿಗೆಯಲ್ಲಿ ಗಟ್ಟಿಯಾಗಿ ಕಾಣುವ ಕಲ್ಲು ಮಳೆಗಾಲದಲ್ಲಿ ನೀರು ಕುಡಿದು ಮೆದುವಾಗಿರುತ್ತದೆ. ಲೋಡು ತುಂಬಿದ ಲಾರಿಯ ಹಿಂದಿನ ಆಕ್ಸಲ್ ಮೇಲೆ ಹತ್ತು ಹನ್ನೊಂದು ಟನ್ ಭಾರ ಬಿದ್ದಾಗ ಚೂರುಗಳು ಅರೆದು ಚಟ್ನಿಯಾಗುತ್ತವೆ. ಒಣಗಿದ್ದಾಗ ಹುಡಿ, ಒದ್ದೆಯಾದಾಗ ಜಾರುವ ಮಣ್ಣು. ಹಾಕುವುದಿದ್ದರೆ ಕಪ್ಪು ಜಲ್ಲಿಯನ್ನೇ ಹಾಕಿ, ಅದರಲ್ಲೂ 40 ಮಿ.ಮೀ.ಗಿಂತ ಸಣ್ಣದು ಬೇಡ. ಅದಕ್ಕಿಂತ ಅಗ್ಗದ ದಾರಿ ನಿಮ್ಮ ಕಾಲ ಬುಡದಲ್ಲೇ ಬಿದ್ದಿರುತ್ತದೆ: ಕಡಿದ ಮರದ ಗೆಲ್ಲು. ನಾಲ್ಕೈದು ಇಂಚು ದಪ್ಪದ, 10 ಅಡಿ ಉದ್ದದ ಗೆಲ್ಲುಗಳನ್ನು ದಾರಿಗೆ ಅಡ್ಡಡ್ಡಲಾಗಿ, ಒಂದಕ್ಕೊಂದು ತಾಗಿಸಿ ಮಲಗಿಸಿ. 20 ಅಡಿ ಕೆಸರಿಗೆ ಸುಮಾರು 50 ಗೆಲ್ಲು ಬೇಕು. ಅಡಿಯಲ್ಲಿ ಸೊಪ್ಪು ಇಲ್ಲವೇ ತೆಂಗಿನ ಮಡಲು ಹಾಸಿದರೆ ಗೆಲ್ಲು ಮಣ್ಣಿನೊಳಗೆ ಇಳಿಯುವುದು ತಡವಾಗುತ್ತದೆ. ಉದ್ದುದ್ದಕ್ಕೆ ಹಾಕುವ ಅಭ್ಯಾಸ ಕೆಲವರಿಗಿದೆ, ಅದು ಬೇಡ. ಜೋಡಿ ಟಯರು ಉರುಟು ಗೆಲ್ಲಿನ ಮೇಲೆ ಹತ್ತಿದರೆ ಪಕ್ಕಕ್ಕೆ ಜಾರಿಯೇ ಜಾರುತ್ತದೆ.

ಅದಕ್ಕಿಂತ ಮೊದಲಿನ ಕೆಲಸ ನೀರು ಬಿಡಿಸುವುದು. ದಾರಿಯ ಮೇಲುಬದಿಯಲ್ಲಿ ಒಂದು ಅಡಿ ಆಳದ ಕಣಿ ತೋಡಿ, ಹರಿಯುವ ನೀರನ್ನು ದಾರಿ ದಾಟುವ ಮೊದಲೇ ಬೇರೆಡೆಗೆ ತಿರುಗಿಸಿ. ಹಿಂದಿನ ದಿನ ಸಂಜೆ ತೋಡಿಟ್ಟರೆ ಬೆಳಿಗ್ಗೆಗೆ ವ್ಯತ್ಯಾಸ ಕಾಲಿಗೇ ತಿಳಿಯುತ್ತದೆ. ಲಾರಿ ಇಳಿಸುವ ಮೊದಲು ಕಬ್ಬಿಣದ ಸಲಾಕೆ ಹಿಡಿದು ದಾರಿಯುದ್ದ ನಡೆಯಿರಿ. ಮೈಭಾರ ಹಾಕಿ ಒತ್ತಿದಾಗ ಸಲಾಕೆ ಒಂದು ಅಡಿಗಿಂತ ಕೆಳಗೆ ಇಳಿಯಿತೋ, ಅಲ್ಲಿಗೆ ಲಾರಿ ಬೇಡ. ರಬ್ಬರ್ ತೋಟದ ತಟ್ಟುಗಳ (ಗುಡ್ಡೆಯಲ್ಲಿ ಮೆಟ್ಟಿಲಿನಂತೆ ಕಡಿದ ಜಾಗಗಳ) ಅಂಚು ಇನ್ನೂ ಅಪಾಯ, ಕೆಳಗಿನ ಮಣ್ಣು ಹಾಗೇ ಕುಸಿದುಬಿಡುತ್ತದೆ.

ಹೂತ ಮೇಲೆ? ಚಕ್ರ ಒಮ್ಮೆ ಸುಮ್ಮನೆ ತಿರುಗಿದರೆ ಅಲ್ಲಿಗೇ ಆಕ್ಸಿಲೇಟರಿನಿಂದ ಕಾಲು ತೆಗೆಯಿರಿ. ಮೂರನೇ ಸಲ ತಿರುಗಿಸುವಷ್ಟರಲ್ಲಿ ಆಕ್ಸಲ್ ನೆಲ ಮುಟ್ಟಿರುತ್ತದೆ, ಆಮೇಲೆ ಜೆಸಿಬಿಯೇ ಗತಿ. ಟಯರಿನ ಮುಂದಿನ ಮಣ್ಣನ್ನು ಗೋಡೆಯಂತೆ ಕಡಿಯದೆ ಇಳಿಜಾರಾಗಿ ತೋಡಿ. ಜಾಕಿನ ಅಡಿಗೆ ಎರಡು ಅಡಿ ಉದ್ದ, ಒಂದು ಅಡಿ ಅಗಲ, 3 ಇಂಚು ದಪ್ಪದ ಹಲಗೆ ಇಟ್ಟು ಎತ್ತಿ, ಟಯರಿನಡಿಗೆ ಗೆಲ್ಲು ತುರುಕಿ. ಲೋಡಿರುವ ಲಾರಿಯ ಗಾಳಿ ಬಿಡಬೇಡಿ. ಜೋಡಿ ಟಯರುಗಳ ಹೊಟ್ಟೆ ಒಂದಕ್ಕೊಂದು ಉಜ್ಜಿ ಒಳಗಿನ ನೂಲು ಹರಿಯುತ್ತದೆ, ಒಡೆಯುವುದು ಮಾತ್ರ ನಾಲ್ಕು ದಿನ ಕಳೆದು ಹೈವೇಯಲ್ಲಿ. ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಬದಿಯ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವುದು) ಇರುವ ಗಾಡಿಯಾದರೆ ನಿಂತಾಗ ಹಾಕಿ, ನೇರ ಹೊರಬನ್ನಿ, ಗಟ್ಟಿ ನೆಲಕ್ಕೆ ಬಂದೊಡನೆ ತೆಗೆಯಿರಿ. ಲಾಕ್ ಇದ್ದಂತೆಯೇ ಸ್ಟಿಯರಿಂಗ್ ತಿರುಗಿಸಿದರೆ ಆಕ್ಸಲ್ ಶಾಫ್ಟಿಗೆ ಕುತ್ತು. ಜೆಸಿಬಿ ಎಳೆಯುವಾಗ ಹಗ್ಗ ಬಂಪರಿಗೆ ಬೇಡ, ಚಾಸಿಯ ಕೊಂಡಿಗೇ ಕಟ್ಟಿ. ಹಗ್ಗದ ಉದ್ದಕ್ಕಿಂತ ದೂರ ಎಲ್ಲರನ್ನೂ ನಿಲ್ಲಿಸಿ.

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಮೊದಲ ಸಲಹೆ ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ದೊಡ್ಡ ಲಾರಿ ಡಾಂಬರು ಬಿಟ್ಟು ಇಳಿಯಬಾರದು. ಗುಡ್ಡೆಯಿಂದ ಮಾರ್ಗದ ಬದಿಗೆ ಫೋರ್ ವೀಲ್ ಜೀಪೋ ಟ್ರಾಕ್ಟರೋ ಮರ ತರಲಿ. ಎರಡು ಸಲ ಎತ್ತಿ ಇಳಿಸುವ ಕೂಲಿ ಹೆಚ್ಚು, ಒಪ್ಪಿದೆವು. ಆದರೆ ಜೆಸಿಬಿಯ ಬಾಡಿಗೆ, ಸುಟ್ಟ ಕ್ಲಚ್ ಪ್ಲೇಟು, ನಿಂತ ದಿನ, ಮೂರನ್ನೂ ಒಂದು ತಿಂಗಳು ಬರೆದಿಟ್ಟು ನೋಡಿ.

ವ್ಯಾಪಾರಿ ಅಳೆದಾಗ ಮರ 350 ಅಡಿ (ಘನ ಅಡಿ). ಅಡಿಗೆ 25 ಕೆ.ಜಿ.ಯಂತೆ ಎಂಟೂಮುಕ್ಕಾಲು ಟನ್ ಎಂದು ಹೊರಟರೆ ವೇ ಬ್ರಿಜ್ಜಿನಲ್ಲಿ ಮರವೇ ಹನ್ನೊಂದೂವರೆ ಟನ್ ತೋರಿಸಿತು. ಮರ ಮಳೆನೀರು ಕುಡಿದದ್ದೇ?
— ಬದಿಯಡ್ಕದಿಂದ ಒಬ್ಬ ಓದುಗರು

ಮಳೆಯನ್ನು ದೂರಬೇಡಿ. ಈಗಷ್ಟೇ ಕಡಿದ ಮರದ ಒಳಗೆ ಮೊದಲೇ ನೀರು ತುಂಬಿರುತ್ತದೆ, ಹೊರಗಿನ ಮಳೆ ಒಳಗಿಳಿಯುವುದು ಅತ್ಯಲ್ಪ. ಮೋಸವಿರುವುದು ಅಡಿಯ ಲೆಕ್ಕದಲ್ಲಿ.

ಮರದ ವ್ಯಾಪಾರದಲ್ಲಿ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 144ರಿಂದ ಭಾಗಿಸುತ್ತಾರೆ. 48 ಇಂಚು ಸುತ್ತಳತೆ, 10 ಅಡಿ ಉದ್ದದ ದಿಮ್ಮಿ: ಕಾಲುಭಾಗ 12, ಹನ್ನೆರಡ್ಹನ್ನೆರಡ್ಲಿ 144, ಸರಿಯಾಗಿ 10 ಅಡಿ. ಗರಗಸದ ಮಿಲ್ಲಿನಲ್ಲಿ ಕೊಯ್ದಾಗ ಹೋಗುವ ಹೊರಪದರವನ್ನು ಬಿಟ್ಟು ಹಾಕುವ ಲೆಕ್ಕವಿದು. ಆದರೆ ದಿಮ್ಮಿ ಉರುಟು. ಅದರ ನಿಜವಾದ ಗಾತ್ರ 12.73 ಘನ ಅಡಿ. ಅಂದರೆ ಮರದವರ ಒಂದು ಅಡಿಯೊಳಗೆ ನಿಜವಾದ ಒಂದೂಕಾಲು ಅಡಿಗಿಂತ ಸ್ವಲ್ಪ ಹೆಚ್ಚೇ ಇದೆ. ನಿಮ್ಮ 25 ಕೆ.ಜಿ. ನಿಜವಾದ ಅಡಿಗೆ ಸರಿ, ವ್ಯಾಪಾರದ ಅಡಿಗಲ್ಲ. ವ್ಯಾಪಾರದ ಅಡಿಗೆ 32 ಕೆ.ಜಿ. ಹಿಡಿಯಿರಿ: 350 ಅಡಿಗೆ 11.2 ಟನ್ ಬಂತು. ಉಳಿದ 300 ಕೆ.ಜಿ. ಒದ್ದೆ ಸಿಪ್ಪೆ ಮತ್ತು ಕೆಸರು. ಸಿಪ್ಪೆ ಬಿಟ್ಟು ಅಳೆಯುವ ಕಡೆಯಲ್ಲೂ ಲಾರಿ ಸಿಪ್ಪೆ ಹೊರಲೇಬೇಕಲ್ಲ.

ಈಗ ನಿಮ್ಮ ಗಾಡಿಯ ಆರ್.ಸಿ. (ನೋಂದಣಿ ಪುಸ್ತಕ) ತೆರೆಯಿರಿ. 2018ರ ಬದಲಾವಣೆಯ ನಂತರ ಎರಡು ಆಕ್ಸಲಿನ ಲಾರಿಗೆ ಒಟ್ಟು 18.5 ಟನ್ ತನಕ ಅವಕಾಶವಿದೆ, ಹಳೆಯ ಮಿತಿ 16.2. ನಿಮ್ಮ ಪುಸ್ತಕದಲ್ಲಿ ಬರೆದದ್ದೇ ನಿಮಗೆ ಲೆಕ್ಕ. ಖಾಲಿ ತೂಕ 6.8 ಟನ್ ಇದ್ದರೆ 18.5ರ ಗಾಡಿಗೆ 11.7 ಟನ್, ಕೆಸರಿಗಾಗಿ ಸ್ವಲ್ಪ ಬಿಟ್ಟು 350 ಅಡಿಯೇ ಗಡಿ. 16.2ರ ಗಾಡಿಗೆ 280 ಅಡಿಯಲ್ಲಿ ನಿಲ್ಲಿಸಿ. ಬೇರೆ ಜಾತಿಯ ಮರಕ್ಕೆ 32 ನಡೆಯದು. ಒಂದು ಲೋಡು ತೂಗಿಸಿ ಅಡಿಯಿಂದ ಭಾಗಿಸಿ, ಆ ಅಂಕಿಯನ್ನು ಕ್ಯಾಬಿನ್ನಿನಲ್ಲಿ ಬರೆದಿಡಿ. 2019ರ ತಿದ್ದುಪಡಿಯ ಕಾನೂನಿನಲ್ಲಿ ಹೆಚ್ಚು ಭಾರಕ್ಕೆ 20,000 ರೂಪಾಯಿ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ದಂಡವಿದೆ. ಹೆಚ್ಚಾದ ಮರವನ್ನು ಅಲ್ಲೇ ಇಳಿಸಬೇಕಾಗುವುದು ಬೇರೆ.

ಭಾರ ಸರಿಯಿದ್ದರೂ ಹಿಂದಕ್ಕೆ ಚಾಚಿಕೊಂಡರೆ ಕೆಲಸ ಕೆಟ್ಟಿತು. ಮುಂದಿನ ಚಕ್ರ ಹಗುರವಾಗಿ, ಒದ್ದೆ ತಿರುವಿನಲ್ಲಿ ಸ್ಟಿಯರಿಂಗ್ ತಿರುಗಿಸಿದರೂ ಲಾರಿ ನೇರವೇ ಹೋಗುತ್ತದೆ. ದಪ್ಪ ದಿಮ್ಮಿ ಅಡಿಯಲ್ಲಿ, ಬುಡದ ಭಾಗ ಒಂದು ಮುಂದಕ್ಕೆ ಒಂದು ಹಿಂದಕ್ಕೆ ಬರುವಂತೆ ಹೇರಿಸಿ.

ಪೆರ್ಲದಲ್ಲಿ ಬಿಗಿಯಾಗಿ ಕಟ್ಟಿದ ಚೈನು ಚೆರ್ಕಳಕ್ಕೆ ಬರುವಾಗ ಕೈ ತೂರುವಷ್ಟು ಸಡಿಲ. ಬೇಸಿಗೆಯಲ್ಲಿ ಹೀಗಾಗುವುದಿಲ್ಲ.
— ಲಾರಿ ಕ್ಲೀನರ್, ಪೆರ್ಲ

ದಿಮ್ಮಿಗಳ ನಡುವೆ ಸೇರಿದ ಕೆಸರು ಕುಲುಕಾಟಕ್ಕೆ ಉದುರುತ್ತದೆ, ಒದ್ದೆ ಸಿಪ್ಪೆ ಚೈನಿನಡಿ ಜಜ್ಜಿಹೋಗುತ್ತದೆ. ಎರಡೂ ಸೇರಿ ಲೋಡು ಕೂರುತ್ತದೆ, ಚೈನು ಉದ್ದವಾದಂತೆ ಕಾಣುತ್ತದೆ. ಇನ್ನೂ ಕೆಟ್ಟದ್ದು, ಸಿಪ್ಪೆ ಚೈನಿಗೆ ಅಂಟಿಕೊಂಡು ಮರ ಮಾತ್ರ ಒಳಗಿಂದ ಜಾರುವುದು. ಹಸಿ ಸಿಪ್ಪೆಯ ಅಡಿಯ ಲೋಳೆ ಮುಟ್ಟಿ ನೋಡಿದರೆ ಗೊತ್ತಾಗುತ್ತದೆ, ಬಸಳೆ ಹಿಸುಕಿದಂತಿರುತ್ತದೆ. ಮೇಲಿನ ಸಾಲಿನ ದಿಮ್ಮಿಗಳಲ್ಲಿ ಚೈನು ಕೂರುವ ಜಾಗದ ಸಿಪ್ಪೆಯನ್ನು ಅಂಗೈ ಅಗಲ ಕೆತ್ತಿ, ಲೋಳೆ ಒರೆಸಿ, ಆಮೇಲೆ ಕಟ್ಟಿ. ಪ್ರತಿ ದಿಮ್ಮಿಗೂ ಕಡಿಮೆಯೆಂದರೆ ಎರಡು ಕಡೆ ಹಿಡಿತ ಸಿಗಬೇಕು. ಬದಿಯ ಕಂಬಕ್ಕಿಂತ ಮೇಲಕ್ಕೆ ಒಂದು ದಿಮ್ಮಿಯೂ ಬೇಡ.

ಹೊರಟು ಐದು ಕಿ.ಮೀ. ಆದ ಮೇಲೆ ಒಮ್ಮೆ ನಿಲ್ಲಿಸಿ ಬಿಗಿಮಾಡಿ, ಹೈವೇಗೆ ಸೇರುವ ಮೊದಲು ಮತ್ತೊಮ್ಮೆ. ನೈಲಾನ್ ಹಗ್ಗ ಒದ್ದೆಯಾದರೆ ಜಗ್ಗುತ್ತದೆ, ಅದನ್ನು ಮರಕ್ಕೆ ನಂಬಬೇಡಿ, ಟರ್ಪಾಲಿಗೆ ಸಾಕು. ಮಿಲ್ಲಿನಲ್ಲಿ ಚೈನು ಬಿಚ್ಚುವಾಗ ಲಾರಿ ಯಾವ ಬದಿಗೆ ವಾಲಿದೆ ನೋಡಿ, ಎತ್ತರದ ಬದಿಯಲ್ಲಿ ನಿಂತು ಬಿಚ್ಚಿ. ದಾರಿಯಲ್ಲಿ ಅಲುಗಾಡಿದ ದಿಮ್ಮಿ ಚೈನಿನ ಮೇಲೇ ಒರಗಿ ಕೂತಿರಬಹುದು.

ಪಾಣತ್ತೂರು ಕಡೆಯ ಇಳಿಜಾರಿನಲ್ಲಿ ಎಕ್ಸಾಸ್ಟ್ ಬ್ರೇಕ್ ಹಾಕಿದರೆ ಲಾರಿಯ ಹಿಂಭಾಗ ಪಕ್ಕಕ್ಕೆ ಎಳೆದಂತಾಗುತ್ತದೆ. ಮಳೆಯಲ್ಲಿ ಹಾಕಬಾರದೇ?
— ಚಾಲಕರು, ರಾಜಪುರ

ಲೋಡು ಇದೆಯೋ ಇಲ್ಲವೋ ಎಂಬುದೇ ಮುಖ್ಯ. ಹೊಗೆಯ ದಾರಿ ಮುಚ್ಚಿ ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಹಿಡಿಯುವುದು ಎಂಜಿನ್ ತಿರುಗಿಸುವ ಹಿಂದಿನ ಚಕ್ರಗಳನ್ನು ಮಾತ್ರ. ಖಾಲಿ ಲಾರಿಯ ಹಿಂಭಾಗದಲ್ಲಿ ಭಾರವೇ ಇಲ್ಲ, ಒದ್ದೆ ತಿರುವಿನಲ್ಲಿ ಆ ಚಕ್ರಗಳು ಜಾರುತ್ತವೆ. ಖಾಲಿ ಬರುವಾಗ ನೇರ ಮಾರ್ಗದಲ್ಲಷ್ಟೇ ಹಾಕಿ, ತಿರುವಿಗೆ ಮೊದಲು ಬಿಡಿ. ಲೋಡಿದ್ದಾಗ ಧಾರಾಳ ಹಾಕಿ, ಆದರೆ ಗೇರು ಇಳಿಸುವುದು ಚಡಾವಿನ ತುದಿಯಲ್ಲೇ, ಅರ್ಧ ಇಳಿದ ಮೇಲಲ್ಲ. ಹತ್ತಲು ಬೇಕಾದ ಗೇರಿನಲ್ಲೇ ಇಳಿಯಿರಿ.

ಮಳೆಗಾಲದ ಬ್ರೇಕಿಗೆ ಇನ್ನೆರಡು ಕೆಲಸ. ಏರ್ ಟ್ಯಾಂಕಿನ ನೀರನ್ನು ದಿನಾ ಸಂಜೆ ಬಿಡಿ. ನೀರಿನ ಜೊತೆ ಎಣ್ಣೆಯೂ ಬಂದರೆ ಕಂಪ್ರೆಸರ್ ತೋರಿಸಿ. ನೀರು ನಿಂತ ಮಾರ್ಗ ದಾಟಿದ ಮೇಲೆ ಇನ್ನೂರು ಮುನ್ನೂರು ಮೀಟರ್ ಪೆಡಲನ್ನು ಹಗುರಕ್ಕೆ ಒತ್ತಿಕೊಂಡೇ ನಿಧಾನ ಸಾಗಿ, ಡ್ರಮ್ ಒಣಗುತ್ತದೆ. ವಾರಕ್ಕೊಮ್ಮೆ ಹಬ್ ಗ್ರೀಸು, ಡಿಫರೆನ್ಷಿಯಲ್ ಎಣ್ಣೆ ನೋಡಿ: ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಬದಲಿಸದೆ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಪೆರುಂಬಾವೂರಿನ ಪ್ಲೈವುಡ್ ಮಿಲ್ಲಿಗೆ ಬೇಸಿಗೆಯಲ್ಲಿ ವಾರಕ್ಕೆ ಮೂರು ಲೋಡು. ಈಗ ಡ್ರೈವರ್ ಎರಡೇ ಎನ್ನುತ್ತಾನೆ. ಕಡಿದ ಮರ ಗುಡ್ಡೆಯಲ್ಲಿ ಕಪ್ಪಾಗುತ್ತಿದೆ.
— ಮರದ ವ್ಯಾಪಾರಿ, ಬೆಳ್ಳೂರು

ಡ್ರೈವರ್ ಹೇಳುವುದು ಸರಿ. ನಿಮ್ಮಲ್ಲಿಂದ ಅಲ್ಲಿಗೆ ಮುನ್ನೂರೈವತ್ತು ಕಿ.ಮೀ. ಆಸುಪಾಸು. ಹೈವೇ ಕೆಲಸದ ಬದಲಿ ದಾರಿ, ಮಳೆ ಸೇರಿ ಗಂಟೆಗೆ 30 ಕಿ.ಮೀ. ಸಿಕ್ಕಿದರೆ ಹೋಗುವುದಕ್ಕೇ ಹನ್ನೆರಡು ಗಂಟೆ. ಮೋಟಾರು ಸಾರಿಗೆ ಕಾರ್ಮಿಕರ 1961ರ ಕಾಯ್ದೆಯಲ್ಲಿ (2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು) ದಿನಕ್ಕೆ 8, ವಾರಕ್ಕೆ 48 ಗಂಟೆ, ಐದು ಗಂಟೆ ಕೆಲಸಕ್ಕೆ ಅರ್ಧ ಗಂಟೆ ವಿಶ್ರಾಂತಿ ಎಂದಿತ್ತು. ಹೋಗಿ ಬರಲು ಇಪ್ಪತ್ತನಾಲ್ಕು ಗಂಟೆ ಹಿಡಿದರೆ ಎರಡೇ ಟ್ರಿಪ್ಪಿಗೆ ವಾರದ 48 ಗಂಟೆ ಮುಗಿಯಿತು. ಮೂರು ಬೇಕಾದರೆ ಎರಡನೇ ಡ್ರೈವರನ್ನು ಹಾಕಿ, ಇಲ್ಲವೇ ಒಂದು ಲೋಡನ್ನು ಕಣ್ಣೂರಿನ ವಳಪಟ್ಟಣಂ ಕಡೆಯ ಮಿಲ್ಲಿಗೆ ಕೊಡಿ, ಅದು ಹತ್ತಿರ.

ಮರ ಕಪ್ಪಾಗುವುದಕ್ಕೂ ಲಾರಿಗೂ ಸಂಬಂಧ ಕಡಿಮೆ. ರಬ್ಬರ್ ಮರದಲ್ಲಿ ಪಿಷ್ಟ, ಸಕ್ಕರೆ ಹೆಚ್ಚು. ಆರ್ದ್ರ ಹವೆಯಲ್ಲಿ ಕೆಲವೇ ದಿನಗಳಲ್ಲಿ ನೀಲಿ ಕಲೆಯ ಶಿಲೀಂಧ್ರ ಹಿಡಿಯುತ್ತದೆ, ಹಿಂದೆಯೇ ಕೊರೆಯುವ ಹುಳ. ಶಿಲೀಂಧ್ರ ಒಳಹೋಗುವುದು ಕೊಯ್ದ ತುದಿಯಿಂದ ಮತ್ತು ಸಿಪ್ಪೆ ಹೋದ ಜಾಗದಿಂದ. ಹಾಗಾಗಿ ಗುಡ್ಡೆಯಲ್ಲೇ ತುಂಡು ಮಾಡಿ ರಾಶಿ ಹಾಕಬೇಡಿ, ಉದ್ದವಾಗಿಯೇ ಇರಲಿ, ನೆಲಕ್ಕೆ ತಾಗದಂತೆ ಎರಡು ಗೆಲ್ಲಿನ ಮೇಲಿರಲಿ. ಎರಡು ಮೂರು ದಿನದಲ್ಲಿ ಎತ್ತಲಾಗುವಷ್ಟನ್ನೇ ಕಡಿಸಿ. ಭಾನುವಾರ ಸಂಜೆ ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ ಕಡಿಯುವವರಿಗೆ ಹೇಳಿ. ಆರೆಂಜ್ ಎಂದರೆ 24 ಗಂಟೆಗೆ 115.6 ಮಿ.ಮೀ.ಗೆ ಮೇಲೆ, ರೆಡ್ ಎಂದರೆ 204.4ಕ್ಕೂ ಮೇಲೆ ಮಳೆ. ಆ ದಿನಗಳಿಗೆ ಮರ ಕಡಿದಿಟ್ಟರೆ ಅದು ಅಲ್ಲೇ ಕೂರುತ್ತದೆ, ಡ್ರೈವರನ್ನು ಬೈದು ಲಾಭವಿಲ್ಲ.

ವೈಪರ್ ಹೊಸದು, ಆದರೂ ರಾತ್ರಿ ಎದುರಿನ ಲೈಟು ಬಿದ್ದರೆ ಗಾಜು ಪೂರಾ ಬಿಳಿ.
— ಉಪ್ಪಳ

ಗಾಜಿನ ಮೇಲೆ ಡೀಸೆಲ್ ಹೊಗೆಯ ಜಿಡ್ಡು ಇದೆ. ತಲೆಗೆ ಹಾಕುವ ಶಾಂಪೂವಿನಿಂದ ಗಾಜನ್ನೂ ವೈಪರಿನ ರಬ್ಬರನ್ನೂ ತೊಳೆಯಿರಿ. ಒಳಬದಿಯನ್ನೂ ಮರೆಯಬೇಡಿ.

ಮಗ ಮರದ ಲಾರಿಯಲ್ಲಿ ಕ್ಲೀನರ್. ದಿನವಿಡೀ ಕೆಸರಲ್ಲೇ ಕಾಲು, ಬೆರಳ ಸಂದು ಬಿಳಚಿಕೊಂಡು ಒಡೆದಿದೆ.
— ತಾಯಿಯೊಬ್ಬರು, ಆದೂರು

ಒಡೆದ ಚರ್ಮವೇ ಇಲಿಜ್ವರದ ಬಾಗಿಲು ಅಮ್ಮಾ, ಇಲಿ ಮೂತ್ರ ಸೇರಿದ ಕೆಸರು ನೀರಿನಿಂದ ಬರುತ್ತದೆ. ಕೆಸರಲ್ಲಿ ದುಡಿಯುವವರಿಗೆ ಮುನ್ನೆಚ್ಚರಿಕೆಗೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ತೆಗೆದುಕೊಳ್ಳಲು ಕೇರಳದ ಆರೋಗ್ಯ ಇಲಾಖೆ ಹೇಳುತ್ತದೆ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅವರು ಹೇಳಿದಂತೆ ಊಟದ ಮೇಲೆ ತುಂಬ ನೀರಿನೊಂದಿಗೆ ಕೊಡಿ. ಜ್ವರ ಬಂದು ಮೀನಖಂಡ ನೋಯತೊಡಗಿದರೆ ಅಂಗಡಿ ಮಾತ್ರೆಯಲ್ಲಿ ದಿನ ಕಳೆಯಬೇಡಿ. ಆಸ್ಪತ್ರೆಗೆ ಹೋಗಿ, ಕೆಸರಿನ ಕೆಲಸ ಎಂದು ಮೊದಲೇ ಹೇಳಲಿ. ಇಳಿದಾಗ ಗಂಬೂಟು, ಕ್ಯಾಬಿನ್ನಿಗೆ ಹತ್ತಿದೊಡನೆ ಬಿಚ್ಚಿ ಕಾಲು ಒರೆಸಿ ಒಣ ಚಪ್ಪಲಿ. ಡ್ರೈವರಿಗಂತೂ ಇದು ಕಡ್ಡಾಯ: ಕೆಸರು ಬೂಟು ಬ್ರೇಕ್ ಪೆಡಲಿನಿಂದ ಜಾರುತ್ತದೆ.